1883ರ ನಾರ್ತ್‌ವೆಸ್ಟರ್ನ್ ಲೀಗ್ ಮತ್ತು ವಾಕರ್

ಅಮೆರಿಕದ ಬೇಸ್‌ಬಾಲ್ ಇತಿಹಾಸ ಓದಲು ಕೂತರೆ ಶಿಕಾಗೋ, ಬಾಸ್ಟನ್, ನ್ಯೂಯಾರ್ಕ್ ತಂಡಗಳೇ ಮುಂದೆ ಬರುತ್ತವೆ. ನನಗೆ ಮಾತ್ರ ನಾರ್ತ್‌ವೆಸ್ಟರ್ನ್ ಲೀಗ್ ಮೇಲೆ ಜಾಸ್ತಿ ಪ್ರೀತಿ. 1883ರಲ್ಲಿ ಮಿಷಿಗನ್, ಒಹಾಯೋ, ಇಂಡಿಯಾನಾ, ಇಲಿನಾಯ್ ರಾಜ್ಯಗಳ ಎಂಟು ಊರುಗಳು ಸೇರಿ ಆಡಿದ ಲೀಗ್ ಇದು. ಸ್ಯಾಗಿನಾ ಮತ್ತು ಬೇ ಸಿಟಿ ಮರದ ವ್ಯಾಪಾರದ ಊರುಗಳು, ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿ ಪೀಠೋಪಕರಣ ಮಾಡುತ್ತಿದ್ದರು, ಪಿಯೋರಿಯಾದಲ್ಲಿ ವಿಸ್ಕಿ. ಟೊಲೀಡೊ, ಫೋರ್ಟ್ ವೇನ್, ಕ್ವಿನ್ಸಿ, ಸ್ಪ್ರಿಂಗ್‌ಫೀಲ್ಡ್ ಉಳಿದ ನಾಲ್ಕು.

ಆ ವರ್ಷದ ಶುರುವಿನಲ್ಲೇ ಈ ಲೀಗ್ ಒಂದು ದೊಡ್ಡ ಒಪ್ಪಂದಕ್ಕೆ ಸಹಿ ಹಾಕಿತು. ಜೊತೆಗೆ ಸಹಿ ಹಾಕಿದ್ದು ಆಗಿನ ಎರಡು ದೊಡ್ಡ ಲೀಗುಗಳಾದ (ಅಂದರೆ ಮೇಜರ್ ಲೀಗುಗಳಾದ) ನ್ಯಾಷನಲ್ ಲೀಗ್ ಮತ್ತು ಅಮೆರಿಕನ್ ಅಸೋಸಿಯೇಷನ್. ಅಲ್ಲಿಯವರೆಗೆ ಸಣ್ಣ ಊರಿನ ತಂಡದಲ್ಲಿ ಯಾರಾದರೂ ಚೆನ್ನಾಗಿ ಆಡಿದರೆ ಸಾಕು, ದೊಡ್ಡ ತಂಡದವರು ಬಂದು ಹೆಚ್ಚು ದುಡ್ಡು ತೋರಿಸಿ ಅವನನ್ನು ಎತ್ತಿಕೊಂಡು ಹೋಗುತ್ತಿದ್ದರು, ಕರಾರು ಗಿರಾರು ಯಾರೂ ಕೇಳುತ್ತಿರಲಿಲ್ಲ. ಈಗ ಮೂವರೂ ಒಬ್ಬರ ಕರಾರನ್ನು ಇನ್ನೊಬ್ಬರು ಗೌರವಿಸಬೇಕು. ಪ್ರತಿ ತಂಡ 11 ಆಟಗಾರರನ್ನು ಮುಂದಿನ ವರ್ಷಕ್ಕೂ ತನ್ನವರೇ ಎಂದು ಕಾಯ್ದಿರಿಸಬಹುದು. ಹಾಗೆ ಕಾಯ್ದಿರಿಸಿದವನಿಗೆ ದೊಡ್ಡ ಲೀಗುಗಳಲ್ಲಿ ಕನಿಷ್ಠ 1000 ಡಾಲರ್ ಸಂಬಳ, ನಾರ್ತ್‌ವೆಸ್ಟರ್ನ್‌ನಲ್ಲಿ 750. ಮೈನರ್ ಲೀಗ್ ಎಂಬ ಏಣಿಯ ಕೆಳ ಮೆಟ್ಟಿಲು ಈ 250 ಡಾಲರ್ ವ್ಯತ್ಯಾಸದಲ್ಲೇ ಕಾಣುತ್ತದೆ ಅಂತ ನನಗೆ ಅನಿಸುತ್ತದೆ. ತಂಡದ ಮಾಲೀಕರಿಗೆ ನೆಮ್ಮದಿ ಸಿಕ್ಕಿತು, ನಿಜ. ಆಟಗಾರನಿಗೆ? ಅವನು ಬೇರೆ ಕಡೆ ಹೋಗಲು ಬಾಗಿಲೇ ಇಲ್ಲದಂತಾಯಿತು.

ಇದೇ ಹೊತ್ತಿಗೆ, 1883ರ ಜೂನ್ 2ರ ರಾತ್ರಿ, ಫೋರ್ಟ್ ವೇನ್‌ನಲ್ಲಿ ಒಂದು ಸೊಗಸಾದ ಪ್ರಯೋಗ ನಡೆಯಿತು. ಮೈದಾನದ ಸುತ್ತ 17 ವಿದ್ಯುತ್ ದೀಪ ಹಚ್ಚಿ ಕ್ವಿನ್ಸಿ ತಂಡವನ್ನು ಅಲ್ಲಿನ ಕಾಲೇಜು ಹುಡುಗರ ಎದುರು ಆಡಿಸಿದರು. ಮೇಜರ್ ಲೀಗ್ ರಾತ್ರಿ ಪಂದ್ಯ ಶುರು ಮಾಡಿದ್ದು 1935ರಲ್ಲಿ!

ಆದರೆ ಈ ಲೀಗ್ ನೆನಪಿನಲ್ಲಿ ಉಳಿಯಬೇಕಾದ್ದು ಮೋಸೆಸ್ ಫ್ಲೀಟ್‌ವುಡ್ ವಾಕರ್‌ಗಾಗಿ. ಟೊಲೀಡೊ ತಂಡದ ಕ್ಯಾಚರ್, ಕಪ್ಪು ವರ್ಣೀಯ, ಒಬರ್ಲಿನ್ ಕಾಲೇಜಿನಲ್ಲಿ ಓದಿದವನು. ಆ ಕಾಲದ ಕ್ಯಾಚರ್‌ಗೆ ಇಂದಿನಂಥ ದಪ್ಪ ಗ್ಲೌಸ್ ಇರಲಿಲ್ಲ. ವಿಕೆಟ್‌ಕೀಪರ್ ಒಬ್ಬ ಹೆಚ್ಚುಕಡಿಮೆ ಬರಿಗೈಯಲ್ಲಿ ಸ್ಟಂಪ್ ಹಿಂದೆ ನಿಂತ ಹಾಗೆ ಅಂದುಕೊಳ್ಳಿ. ಬೆರಳು ಮುರಿಯುವುದು, ಅಂಗೈ ಬಾತುಕೊಳ್ಳುವುದು ಮಾಮೂಲು. ಋತು ಶುರುವಾಗುವ ಮೊದಲೇ, ಮಾರ್ಚ್ ತಿಂಗಳ ಸಭೆಯಲ್ಲಿ, ಕಪ್ಪು ಆಟಗಾರರನ್ನು ಲೀಗಿನಿಂದ ಹೊರಗಿಡಬೇಕು ಅಂತ ಪಿಯೋರಿಯಾದವರು ಪ್ರಸ್ತಾಪ ತಂದರು. ಗುರಿ ವಾಕರ್ ಒಬ್ಬನೇ. ಪ್ರಸ್ತಾಪ ನಿಲ್ಲಲಿಲ್ಲ, ವಾಕರ್ ಆಡಿದ.

ಆಗಸ್ಟ್ 10ರಂದು ಶಿಕಾಗೋದ ವೈಟ್ ಸ್ಟಾಕಿಂಗ್ಸ್ ತಂಡ ಟೊಲೀಡೊಗೆ ಪ್ರದರ್ಶನ ಪಂದ್ಯಕ್ಕೆ ಬಂತು. ಅದರ ನಾಯಕ ಕ್ಯಾಪ್ ಆನ್ಸನ್, ಆಗಿನ ಅತಿ ದೊಡ್ಡ ಹೆಸರು. ವಾಕರ್ ಮೈದಾನಕ್ಕೆ ಇಳಿದರೆ ತಾನು ಆಡುವುದಿಲ್ಲ ಅಂದ. ವಾಕರ್ ಕೈ ನೋಯುತ್ತಿದ್ದರಿಂದ ಅವತ್ತು ಅವನಿಗೆ ಹೇಗೂ ವಿಶ್ರಾಂತಿ ಕೊಡುವ ಯೋಚನೆ ಇತ್ತು. ಸುಮ್ನೆ ಕೂರಿಸಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು, ಅಲ್ವಾ? ಟೊಲೀಡೊ ಮ್ಯಾನೇಜರ್ ಚಾರ್ಲಿ ಮಾರ್ಟನ್ ಹಾಗೆ ಮಾಡಲಿಲ್ಲ. ಬೇಕಂತಲೇ ವಾಕರ್‌ನನ್ನು ಮೈದಾನದ ಬಲಬದಿಯ ದೂರದ ಜಾಗವಾದ ರೈಟ್ ಫೀಲ್ಡ್‌ಗೆ ಕಳಿಸಿ, ಆಡದಿದ್ದರೆ ಟಿಕೆಟ್ ದುಡ್ಡಿನಲ್ಲಿ ನಿಮಗೆ ಪಾಲಿಲ್ಲ ಅಂದುಬಿಟ್ಟ. ಆನ್ಸನ್ ಬಾಯಿ ಮುಚ್ಚಿಕೊಂಡು ಆಡಿದ. ಶಿಕಾಗೋ 10ನೇ ಇನಿಂಗ್ಸ್‌ನಲ್ಲಿ 7-6ರಿಂದ ಗೆದ್ದಿತು, ಆದರೆ ಆ ದಿನ ನಿಜಕ್ಕೂ ಗೆದ್ದವನು ಮಾರ್ಟನ್ ಅಂತಲೇ ನಾನು ಹೇಳುತ್ತೇನೆ.

ಆ ವರ್ಷ ಟೊಲೀಡೊ ಚಾಂಪಿಯನ್ ಆಯಿತು. ಮರುವರ್ಷ ಅಮೆರಿಕನ್ ಅಸೋಸಿಯೇಷನ್‌ಗೆ ಬಡ್ತಿ ಪಡೆಯಿತು, ವಾಕರ್ ಕೂಡ ಜೊತೆಗೇ ಮೇಜರ್ ಲೀಗ್ ಆಟಗಾರನಾದ. ಮೇಜರ್ ಲೀಗಿನ ವರ್ಣಭೇದದ ಗೋಡೆ ಒಡೆದವನು ಅಂತ ಹೆಸರಾದ ಕಪ್ಪು ಆಟಗಾರ ಜಾಕಿ ರಾಬಿನ್ಸನ್‌ಗಿಂತ 63 ವರ್ಷ ಮುಂಚೆ.

ಇತ್ತ ನಾರ್ತ್‌ವೆಸ್ಟರ್ನ್ ಲೀಗ್ 1884ರಲ್ಲಿ ದುರಾಸೆಗೆ ಬಿದ್ದಿತು. ಎಂಟು ತಂಡ 12 ಆದವು. ಮಿಲ್ವಾಕೀ, ಮಿನಿಯಾಪೊಲಿಸ್, ಸೇಂಟ್ ಪಾಲ್, ಸ್ಟಿಲ್‌ವಾಟರ್ ಅಂತ ದೂರದೂರದ ಊರುಗಳನ್ನು ಸೇರಿಸಿಕೊಂಡರು. ರೈಲಿನ ಖರ್ಚು ಏರಿತು, ಗೇಟಿನ ಆದಾಯ ಏರಲಿಲ್ಲ. ಬೇಸಿಗೆ ಮುಗಿಯುವ ಮೊದಲೇ ಒಂದೊಂದಾಗಿ ತಂಡಗಳು ಬಾಗಿಲು ಹಾಕಿದವು. ಸ್ಯಾಗಿನಾ ಮುಳುಗಿದಾಗ ಅದರ ಪಿಚರ್ (ಚೆಂಡು ಎಸೆಯುವವನು) ಜಾನ್ ಕ್ಲಾರ್ಕ್‌ಸನ್‌ನನ್ನು ಶಿಕಾಗೋ ಕರೆಸಿಕೊಂಡಿತು, ಮರುವರ್ಷ ಅವನು ಒಬ್ಬನೇ 53 ಪಂದ್ಯ ಗೆದ್ದ. ಸೇಂಟ್ ಪಾಲ್ ತಂಡ ಯೂನಿಯನ್ ಅಸೋಸಿಯೇಷನ್ ಎಂಬ ಪ್ರತಿಸ್ಪರ್ಧಿ ಲೀಗಿಗೆ ಹಾರಿ, ತವರಿನಲ್ಲಿ ಒಂದೂ ಪಂದ್ಯ ಆಡದೆ, ಹೊರಗೆ ಒಂಬತ್ತು ಆಡಿ ಮುಗಿಸಿತು.

ಕ್ಲಾರ್ಕ್‌ಸನ್ 1963ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ. ಸ್ಟಿಲ್‌ವಾಟರ್‌ಗೆ ಆಡಿದ್ದ ಕಪ್ಪು ಆಟಗಾರ ಬಡ್ ಫೌಲರ್‌ನನ್ನು 2022ರಲ್ಲಿ ಸೇರಿಸಿದರು, ತಡವಾದರೂ ಸರಿ. ಆನ್ಸನ್ ಅಲ್ಲಿ 1939ರಿಂದ ಇದ್ದಾನೆ. ವಾಕರ್‌ಗೂ ಅಲ್ಲಿ ಜಾಗ ಕೊಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ.