ಮೇಗ್ರೆ ತಲೆ ನಾಲ್ಕನೇ ಸಲಕ್ಕೆ ಸರಿಹೋಯಿತು

ಅಂತೂ ನನ್ನ ಕ್ಲೇ ಬೊಂಬೆ ಮೇಗ್ರೆಯ (ಕಥೆಗಳಲ್ಲಿ ಬರುವ ಪ್ಯಾರಿಸ್‌ನ ಪೊಲೀಸ್ ಪತ್ತೇದಾರ) ತಲೆ ಓವನ್‌ನಿಂದ ನೆಟ್ಟಗೆ ಹೊರಬಂತು. ಇದು ನಾಲ್ಕನೆಯದು. ಮೊದಲ ಮೂರು ಕಿಟಕಿ ಕಟ್ಟೆ ಮೇಲೆ ಸಾಲಾಗಿ ಕೂತಿವೆ. ಮನೆಗೆ ಬಂದವರೆಲ್ಲ ‘ಇದೇನು, ಮಿಸ್ಟರ್ ಬೀನ್‌ಗೆ ಟೋಪಿ ಹಾಕಿದ್ದೀರಾ?’ ಅಂತ ಕೇಳುತ್ತಾರೆ. ಅದೇ ನನ್ನ ಗೋಳು.

ಬೀನ್ ಆಗಿ ನಟಿಸಿದ ಬ್ರಿಟಿಷ್ ನಟ ರೋವನ್ ಅಟ್ಕಿನ್ಸನ್ ಮಾಡಿದ ಪಾತ್ರಗಳನ್ನೆಲ್ಲ 1:12 ಅಳತೆಯಲ್ಲಿ (ನಿಜದ ಹನ್ನೆರಡನೇ ಒಂದು ಪಾಲು) ಮಾಡಿ ಒಂದೇ ಹಲಗೆ ಮೇಲೆ ನಿಲ್ಲಿಸಬೇಕು ಅನ್ನೋದು ನನ್ನ ಹುಚ್ಚು. ಒಂದೊಂದು ಬೊಂಬೆ ಸುಮಾರು 15 ಸೆಂ.ಮೀ. 1989ರ ಟಿವಿ ಹಾಸ್ಯ ಸರಣಿಯ ಕ್ಯಾಪ್ಟನ್ ಬ್ಲ್ಯಾಕ್‌ಆ್ಯಡರ್, ಬೀನ್, ಪೊಲೀಸ್ ಇನ್‌ಸ್ಪೆಕ್ಟರ್ ಫೌಲರ್, ಜಾನಿ ಇಂಗ್ಲಿಷ್ ಎಲ್ಲ ಮುಗಿದಿವೆ. ತಂತಿಯ ಮೇಲೆ ಫಾಯಿಲ್ ಸುತ್ತಿ, ಅದರ ಮೇಲೆ ಓವನ್‌ನಲ್ಲಿ ಗಟ್ಟಿಯಾಗುವ ಕ್ಲೇ ಮೆತ್ತಿ ಬೇಯಿಸೋದು, ಅಷ್ಟೇ. ಬೀನ್ ಅಂತೂ ಒಂದೇ ಸಂಜೆಗೆ ಆದ. ಕಣ್ಣು ದೊಡ್ಡದು ಮಾಡಿ, ಹುಬ್ಬು ಎತ್ತಿ, ತುಟಿ ಸೊಟ್ಟ ಮಾಡಿದರೆ ಸಾಕು, ಮಕ್ಕಳೂ ಗುರುತು ಹಿಡಿಯುತ್ತಾರೆ.

ಕಷ್ಟ ಶುರುವಾಗಿದ್ದು ಮೇಗ್ರೆ ಹತ್ತಿರ ಬಂದಾಗ. ಅಟ್ಕಿನ್ಸನ್ ಮೇಗ್ರೆ ಆಗಿದ್ದು 2016 ಮತ್ತು 2017ರಲ್ಲಿ ಬ್ರಿಟನ್ನಿನ ಐಟಿವಿ ಚಾನೆಲ್‌ನಲ್ಲಿ ಬಂದ ನಾಲ್ಕು ಚಿತ್ರಗಳಲ್ಲಿ. ಕಥೆ 1950ರ ದಶಕದ ಪ್ಯಾರಿಸ್‌ದು, ಶೂಟಿಂಗ್ ಮಾಡಿದ್ದು ಬುಡಾಪೆಸ್ಟ್‌ನಲ್ಲಿ. ಕೋಟು, ಟೋಪಿ, ಪೈಪು. ಮುಖದಲ್ಲಿ ಮಾತ್ರ ಏನೂ ನಡೆಯೋದಿಲ್ಲ! ಎರಡು ಸೆಂ.ಮೀ. ತಲೆಯಲ್ಲಿ ‘ಏನೂ ಇಲ್ಲ’ ಅನ್ನೋದನ್ನ ಹೇಗೆ ತರೋದು, ಹೇಳಿ.

ಮೊದಲನೆಯ ತಲೆ ಟೋಪಿ ಹಾಕಿದ ಬೀನ್. ಎರಡನೆಯದರಲ್ಲಿ ಹುಬ್ಬು ತಗ್ಗಿಸಿದೆ, ಯಾರನ್ನೋ ಹೀಯಾಳಿಸಲು ಕಾಯುತ್ತಿರುವ ಬ್ಲ್ಯಾಕ್‌ಆ್ಯಡರ್ ಆಯಿತು. ಮೂರನೆಯದಕ್ಕೆ ಹೊಸ ಕ್ಲೇ ತರಿಸಿದೆ. ಪೊಟ್ಟಣ ಬಿಚ್ಚಿದರೆ ಹಳೇ ಬೆಲ್ಲದ ಅಚ್ಚಿನ ಹಾಗೆ ಗಟ್ಟಿ, ನಾದಿದರೆ ಪುಡಿಪುಡಿ. ಫೋನ್ ಮಾಡಿದರೆ ಅಂಗಡಿಯವರು ‘ಬೇಬಿ ಆಯಿಲ್ ಹಾಕಿ ಸಾರ್’ ಅಂದರು. ಹಾಕಿದೆ, ಸ್ವಲ್ಪ ಜಾಸ್ತಿಯೇ ಬಿತ್ತು. ಚಪಾತಿ ಹಿಟ್ಟಾಯಿತು. ಹಾಗೇ ಬೇಯಿಸಿದೆ, ಮೂಗಿನಿಂದ ಕಿವಿವರೆಗೆ ಸೀಳು. ದುಡ್ಡು ವಾಪಸ್ ಕೇಳಿದರೆ ಆ ಕಡೆಯಿಂದ ಸದ್ದೇ ಇಲ್ಲ.

ಆಮೇಲೆ ಒಂದು ರಾತ್ರಿ ಸುಮ್ನೆ ಸೌಂಡ್ ಬಂದ್ ಮಾಡಿ ಬೀನ್ ಸ್ವಲ್ಪ, ಮೇಗ್ರೆ ಸ್ವಲ್ಪ ಒಂದರ ಹಿಂದೊಂದು ನೋಡುತ್ತಾ ಕೂತೆ. ಆಗ ಗೊತ್ತಾಯಿತು. ನಾನು ಹುಬ್ಬಿನ ಜೊತೆ ಗುದ್ದಾಡುತ್ತಿದ್ದೆ, ಎಡವಟ್ಟು ಇದ್ದಿದ್ದು ರೆಪ್ಪೆಯಲ್ಲಿ. ಬೀನ್ ಬೆದರಿದಾಗ ಕಪ್ಪು ಗುಡ್ಡೆಯ ಮೇಲೂ ಬಿಳಿ ಕಾಣುತ್ತದೆ. ಮೇಗ್ರೆಯ ಮೇಲ್ರೆಪ್ಪೆ ಗುಡ್ಡೆಯ ಮೇಲೆ ಭಾರವಾಗಿ ಕೂತಿರುತ್ತದೆ, ಮೂರು ದಿನ ನಿದ್ದೆ ಇಲ್ಲದವರ ಹಾಗೆ. ಹೊಲಿಗೆ ಸೂಜಿಯ ಹಿಂಭಾಗದಿಂದ ರೆಪ್ಪೆಯನ್ನು ಅರ್ಧ ಮಿ.ಮೀ. ಕೆಳಗೆ ತಳ್ಳಿದೆ, ಅಷ್ಟೇ. ಮೈ ಜುಮ್ಮೆಂದಿತು. ಆಮೇಲೆ ನೋಡಿದರೆ ಪೈಪು ಕಚ್ಚಿಸಿದ್ದರಿಂದ ತುಟಿಯ ಒಂದು ತುದಿ ಮೇಲೆದ್ದು ಬೀನ್ ಮತ್ತೆ ಇಣುಕುತ್ತಿದ್ದಾನೆ. ಪೈಪು ಕಿತ್ತು ಕೈಗೆ ಕೊಟ್ಟೆ. 130 ಡಿಗ್ರಿ, ಇಪ್ಪತ್ತು ನಿಮಿಷ, ಓವನ್ ಮುಂದೆಯೇ ಕುಕ್ಕರಗಾಲಲ್ಲಿ ಕೂತಿದ್ದೆ.

ಅಟ್ಕಿನ್ಸನ್‌ಗೆ ‘ರಬ್ಬರ್ ಮುಖ’ ಅಂತ ಹೆಸರು ಕೊಟ್ಟವರು ಮೇಗ್ರೆ ನೋಡಿಲ್ಲ ಅಂತ ಕಾಣುತ್ತೆ. ಆ ಮುಖವನ್ನು ಅಲುಗಾಡದ ಹಾಗೆ ಇಟ್ಟುಕೊಳ್ಳೋದೇ ದೊಡ್ಡ ಕಸುಬು, ಅಲ್ವಾ?

ಹಲಗೆ ತುದಿಗೆ ಒಂದು ಮಂಗಟ್ಟೆ ಹಕ್ಕಿಯೂ ಬೇಕು. 1994ರ ‘ಲಯನ್ ಕಿಂಗ್’ನ ಜಾಜುಗೆ ದನಿ ಇವರದೇ. ಅದಕ್ಕೆ ರೆಪ್ಪೆಯ ಕಾಟ ಇಲ್ಲ. ಆದರೆ ನನ್ನ ಮನಸ್ಸು ಆಗಲೇ ಬೀನ್‌ನ ಕಾರಿನ ಕಡೆ ಓಡಿದೆ. ಹಸಿರು ಮಿನಿ, ಕಪ್ಪು ಬಾನೆಟ್, ಬಾಗಿಲಿಗೆ ಬೀಗ, ಮೇಲೆ ಆರಾಮ ಕುರ್ಚಿ ಕಟ್ಟಿಕೊಂಡು ಓಡಿಸುವ ದೃಶ್ಯ. ಈ ಅಳತೆಯಲ್ಲಿ ಕಾರೇ 25 ಸೆಂ.ಮೀ. ಆಗುತ್ತದೆ, ಓವನ್‌ಗೆ ಹಿಡಿಸೋದಿಲ್ಲ. ‘ದಸರಾ ಬೊಂಬೆ ಮೆಟ್ಟಿಲಲ್ಲಿ ಇದಕ್ಕೆ ಜಾಗ ಕೇಳಬೇಡಿ’ ಅಂತ ಮನೆಯವಳು ಮೊದಲೇ ಹೇಳಿದ್ದಾಳೆ. ಕುರ್ಚಿಗೆ ಹೊದಿಸಲು ಅವಳ ಹಳೇ ರವಿಕೆ ಬಟ್ಟೆ ಆಗಲೇ ಎತ್ತಿಟ್ಟುಕೊಂಡಿದ್ದೇನೆ, ಅದನ್ನು ಇನ್ನೂ ಹೇಳಿಲ್ಲ.