ಉಸಿಕ್–ಫ್ಯೂರಿ ಮರುಪಂದ್ಯ: ಫಲಿತಾಂಶ ಅಂದಾಜಿಸುವ ಹಾಳೆ ಎಲ್ಲಿಗೆ ಬಂತು

ನವೆಂಬರ್ 10, 2024

ಡಿಸೆಂಬರ್ 21ಕ್ಕೆ ರಿಯಾದ್‌ನ ಕಿಂಗ್‌ಡಮ್ ಅರೀನಾದಲ್ಲಿ ಬಾಕ್ಸರ್‌ಗಳಾದ ಒಲೆಕ್ಸಾಂಡರ್ ಉಸಿಕ್ ಮತ್ತು ಟೈಸನ್ ಫ್ಯೂರಿ ಎರಡನೇ ಸಲ ಎದುರಾಗುತ್ತಾರೆ. ಪಣಕ್ಕಿರುವುದು ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಡಬ್ಲ್ಯುಬಿಒ ಎಂಬ ಬಾಕ್ಸಿಂಗ್ ಸಂಸ್ಥೆಗಳ ಹೆವಿವೇಟ್ ಪಟ್ಟಗಳು. ನಾಲ್ಕನೆಯದಾದ ಐಬಿಎಫ್ ಪಟ್ಟವನ್ನು ಉಸಿಕ್ ಜೂನ್‌ನಲ್ಲೇ ಬಿಟ್ಟುಕೊಟ್ಟಿದ್ದಾರೆ.

ಫಲಿತಾಂಶ ಅಂದಾಜಿಸಲು ನಾವು ಮಾಡಿಕೊಂಡ ಹಾಳೆಯ ಮೊದಲ ಕಾಲಂ, ಮೇ 18ರ ಮೊದಲ ಪಂದ್ಯದಲ್ಲಿ ಮೂವರು ತೀರ್ಪುಗಾರರ ಕಾರ್ಡ್‌ಗಳಲ್ಲಿದ್ದ ಅಂಕಗಳು: ಉಸಿಕ್ ಕಡೆಗೆ 115-112, 114-113; ಫ್ಯೂರಿ ಕಡೆಗೆ 114-113. ಅಂಕ ತುಂಬಿದ ಕೂಡಲೇ ಎರಡೂ ಬದಿ ಕೂಡಿ ತಾಳೆ ನೋಡಬೇಕು. ಸುತ್ತು ಗೆದ್ದವರಿಗೆ 10, ಸೋತವರಿಗೆ 9; ಏಟಿಗೆ ತತ್ತರಿಸಿ ರೆಫರಿಯ ಎಣಿಕೆ ಬಿದ್ದರೆ 8; ಸಮವಾದರೆ ಇಬ್ಬರಿಗೂ 10. 12 ಸುತ್ತೂ 10-9 ಆಗಿದ್ದರೆ ಮೊತ್ತ 228. ಒಂದು ಸುತ್ತು 10-8 ಆಗಿದ್ದರೆ 227, ಒಂದು ಸುತ್ತು 10-10 ಆಗಿದ್ದರೆ 229. ಮೇ ತಿಂಗಳ ಮೂರೂ ಕಾರ್ಡ್ 227ಕ್ಕೆ ನಿಲ್ಲುತ್ತವೆ, ಒಂಬತ್ತನೇ ಸುತ್ತಿನಲ್ಲಿ ಫ್ಯೂರಿಗೆ ಎಣಿಕೆ ಬಿದ್ದದ್ದರಿಂದ. 2021ರಲ್ಲಿ ಉಸಿಕ್ ಮತ್ತು ಇನ್ನೊಬ್ಬ ಹೆವಿವೇಟ್ ಬಾಕ್ಸರ್ ಆಂಥೋನಿ ಜೋಶುವಾ ನಡುವಿನ ಪಂದ್ಯದ 117-112 ಕಾರ್ಡ್ ಕೂಡಿದರೆ 229. ಅಂದರೆ 8 ಸುತ್ತು ಉಸಿಕ್‌ಗೆ, 3 ಜೋಶುವಾಗೆ, 1 ಸಮ. ತಾಳೆ ನೋಡದವರು ಆ ಸಮ ಸುತ್ತನ್ನು ಜೋಶುವಾ ಖಾತೆಗೆ ಹಾಕಿಬಿಡುತ್ತಾರೆ.

ಮೇ ಕಾರ್ಡ್‌ಗಳನ್ನು ಸುತ್ತಿಗೆ ಬಿಡಿಸಿದರೆ ಉಸಿಕ್ ಗೆದ್ದದ್ದು 7, 6, 5. ಮೂರು ಕಾರ್ಡ್ ಸೇರಿ 36ರಲ್ಲಿ 18, ಸರಿಯಾಗಿ ಅರ್ಧ. ಒಂಬತ್ತನೇ ಸುತ್ತು ಎಣಿಕೆಯಿಲ್ಲದೆ ಬರೀ 10-9 ಆಗಿದ್ದರೆ ಕಾರ್ಡ್‌ಗಳು 115-113, 114-114, 113-115. ಪಂದ್ಯವೇ ಡ್ರಾ. ಆ ಸುತ್ತಿನಲ್ಲಿ ಫ್ಯೂರಿ ನೆಲಕ್ಕೆ ಬೀಳಲೇ ಇಲ್ಲ. ಎಡಗೈ ಏಟುಗಳಿಗೆ ತತ್ತರಿಸಿ ಹಗ್ಗಕ್ಕೆ ಬಿದ್ದರು, ಹಗ್ಗ ಹಿಡಿದು ನಿಲ್ಲಿಸಿತು, ಅದಕ್ಕೇ ರೆಫರಿ ಎಣಿಸಿದರು. ನಾಲ್ಕು ಪಟ್ಟ ಆ ಒಂದು ಅಂಕದ ಮೇಲೆ ನಿಂತಿದ್ದವು. "ಹೋದ ಸಲ ಗೆದ್ದವರು ಈ ಸಲವೂ ಗೆಲ್ಲುತ್ತಾರೆ" ಎಂಬ ಲೆಕ್ಕ ಹಾಳೆಗೆ ಬರಬಾರದು ಅನ್ನುವುದು ಇದಕ್ಕೇ.

ತೂಕದ ಸಾಲಿನಲ್ಲಿ ಒಂದು ತಿದ್ದುಪಡಿ. ಮೇ ತಿಂಗಳಲ್ಲಿ ಉಸಿಕ್ ತೂಕವನ್ನು ವೇದಿಕೆಯಲ್ಲಿ 233.5 ಪೌಂಡ್ ಎಂದು ಕೂಗಿದ್ದರು, ಆಮೇಲೆ 223.5 ಎಂದು ತಿದ್ದಲಾಯಿತು. ಹಳೆಯ ಸುದ್ದಿಗಳಲ್ಲಿ ತಪ್ಪು ಅಂಕಿ ಇನ್ನೂ ಉಳಿದಿದೆ. ಫ್ಯೂರಿ 262.

ನವೆಂಬರ್ 17

ವಿಡಿಯೊ ನೋಡುವ ಕ್ರಮ. ಧ್ವನಿ ಪೂರ್ತಿ ಬಂದ್. ವೀಕ್ಷಕ ವಿವರಣೆಯವರು ಒಬ್ಬರ ಬಗ್ಗೆಯೇ ಮಾತಾಡುತ್ತಿದ್ದರೆ ಕಣ್ಣಿಗೂ ಅವರ ಏಟುಗಳೇ ಕಾಣತೊಡಗುತ್ತವೆ, ಗ್ಲೌಸ್ ಮೇಲೆ ಬಿದ್ದದ್ದೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಮೂರು ನಿಮಿಷದ ಸುತ್ತನ್ನು ಒಂದೊಂದು ನಿಮಿಷದ ಮೂರು ತುಂಡು ಮಾಡಿ, ಪ್ರತಿ ತುಂಡಿಗೆ ಮೂರು ಗುರುತು: ಸ್ವಚ್ಛವಾಗಿ ತಗುಲಿದ ಏಟು ಯಾರದು ಹೆಚ್ಚು, ಹಿಂದೆ ಸರಿದವರು ಯಾರು, ಹೊರಗಾಲು ಯಾರದು.

ಹೊರಗಾಲು ಅಂದರೇನು ಅಂತ ಬಿಡಿಸಿ ಹೇಳಬೇಕು. ಉಸಿಕ್ ಸೌತ್‌ಪಾ, ಅಂದರೆ ಎಡಗೈ ಆಟಗಾರ, ಬಲಗಾಲು ಮುಂದೆ. ಫ್ಯೂರಿ ಹೆಚ್ಚಿನ ಹೊತ್ತು ಎಡಗಾಲು ಮುಂದಿಟ್ಟು ಆಡುತ್ತಾರೆ. ಇಬ್ಬರ ಮುಂಗಾಲೂ ಎದುರುಬದುರು ಬರುತ್ತವೆ. ಉಸಿಕ್ ಬಲಗಾಲು ಫ್ಯೂರಿಯ ಎಡಗಾಲಿನ ಹೊರಬದಿಗೆ ಬಿದ್ದರೆ ಅವರ ಎಡಗೈಗೆ ನೇರ ದಾರಿ ಸಿಗುತ್ತದೆ, ಫ್ಯೂರಿಯ ಬಲಗೈ ದೂರವಾಗುತ್ತದೆ. ಕಾಲು ಒಳಗೆ ಬಿದ್ದರೆ ಫ್ಯೂರಿಯ ಅಪ್ಪರ್‌ಕಟ್‌ಗೆ (ಕೆಳಗಿನಿಂದ ಮೇಲಕ್ಕೆ ಬರುವ ಏಟು) ಮೈ ಒಡ್ಡಿದಂತೆ. ನಡುವಿನ ಸುತ್ತುಗಳಲ್ಲಿ ಫ್ಯೂರಿ ದೇಹಕ್ಕೂ ಗದ್ದಕ್ಕೂ ಹೊಡೆದು ಮುಂದೆ ಹೋದದ್ದು ಹೀಗೆ. ಎಂಟು, ಒಂಬತ್ತರಲ್ಲಿ ಉಸಿಕ್ ಹೊರಗಾಲು ಹಿಡಿದ ಮೇಲೆ ಆಟ ತಿರುಗಿತು. 206 ಸೆಂ.ಮೀ. ಎತ್ತರದವರ ಎದುರು 191 ಸೆಂ.ಮೀ.ನವರಿಗೆ ಕಾಲೇ ಬಂಡವಾಳ.

ಮೇ ಪಂದ್ಯದ ಏಟಿನ ಎಣಿಕೆ, ಏಟು ಲೆಕ್ಕ ಹಾಕುವ ಕಂಪ್ಯೂಬಾಕ್ಸ್ ಸಂಸ್ಥೆಯದು: ಉಸಿಕ್ ಎಸೆದ 407ರಲ್ಲಿ 170 ತಗುಲಿದವು, ಫ್ಯೂರಿಯ 496ರಲ್ಲಿ 157. ಇದನ್ನು ಅಡ್ಡಪರೀಕ್ಷೆಗೆ ಮಾತ್ರ ಇಟ್ಟುಕೊಳ್ಳಬೇಕು. ಒಟ್ಟು ಎಣಿಕೆ ನೋಡಿ ತೀರ್ಪುಗಾರರು ಅಂಕ ಕೊಡುವುದಿಲ್ಲ, ಸುತ್ತು ಸುತ್ತಿಗೆ ಕೊಡುತ್ತಾರೆ.

ಡಿಸೆಂಬರ್ 1

ಲೆಕ್ಕ ಕೂತಿತು, ತಪ್ಪೂ ಸಿಕ್ಕಿತು.

ಉಸಿಕ್ ಒಂದು ಸುತ್ತು ಗೆಲ್ಲುವ ಸಾಧ್ಯತೆ 0.55 ಎಂದು ಇಟ್ಟೆವು. ಮೇ ತಿಂಗಳ ಅರ್ಧಕ್ಕಿಂತ ಇಷ್ಟು ಮೇಲೆ ಇಟ್ಟದ್ದು ಕೊನೆಯ ಸುತ್ತುಗಳ ಕಾಲಿನ ಕೆಲಸ ನೋಡಿ. 12 ಸುತ್ತಿಗೆ ದ್ವಿಪದ ಸೂತ್ರ (ಒಂದು ಸುತ್ತಿನ ಸಾಧ್ಯತೆಯಿಂದ ಒಟ್ಟು ಎಷ್ಟು ಸುತ್ತು ಗೆಲ್ಲಬಹುದೆಂದು ಹೇಳುವ ಲೆಕ್ಕ) ಹಾಕಿದರೆ ಒಂದು ಕಾರ್ಡ್‌ನಲ್ಲಿ ಉಸಿಕ್ ಮುಂದಿರುವುದು 52.7%, ಫ್ಯೂರಿ 26.1%, ಸರಿಸಮ 21.2%. ಸುತ್ತುಗಳನ್ನು ನಾಲ್ಕು ನಾಲ್ಕಾಗಿ ವಿಂಗಡಿಸಿ 0.75, 0.35, 0.55 ಕೊಟ್ಟು ನೋಡಿದರೂ ಉಸಿಕ್ ಪಾಲು 52.8%. ಸರಾಸರಿ ಒಂದೇ ಇದ್ದರೆ ವಿಂಗಡಣೆಯಿಂದ ಹೆಚ್ಚೇನೂ ಸಿಗದು, ಆ ಶ್ರಮ ಬೇಡ.

ತೊಂದರೆ ಇರುವುದು ಡ್ರಾದಲ್ಲಿ. ಮೂವರು ತೀರ್ಪುಗಾರರೂ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಅಂಕ ಕೊಡುತ್ತಾರೆ ಎಂದುಕೊಂಡರೆ ಪಂದ್ಯ ಡ್ರಾ ಆಗುವ ಸಾಧ್ಯತೆ 29%ಕ್ಕೆ ಏರುತ್ತದೆ. ಪಟ್ಟದ ಪಂದ್ಯಗಳಲ್ಲಿ ಡ್ರಾ ಅಪರೂಪ, ಈ ಅಂಕಿ ಒಪ್ಪುವಂಥದ್ದಲ್ಲ. ಕಾರಣ ಎರಡು. ಮೂವರೂ ನೋಡುವುದು ಅದೇ ಏಟುಗಳನ್ನು. ಎರಡನೆಯದು, ದೊಡ್ಡದು: 0.55 ಎನ್ನುವುದೇ ಖಚಿತವಲ್ಲ. ಆ ರಾತ್ರಿ ಯಾರ ಕಾಲು ಹೇಗಿರುತ್ತದೋ ಅದರ ಮೇಲೆ 0.40 ಆಗಬಹುದು, 0.70 ಆಗಬಹುದು. ಹಾಗಾಗಿ 0.40, 0.55, 0.70ಕ್ಕೆ ಕ್ರಮವಾಗಿ 25, 50, 25 ಪಾಲು ಕೊಟ್ಟು ಬೆರೆಸಿದೆವು. ಒಂದು ಕಾರ್ಡ್‌ಗೆ ಉಸಿಕ್ 52.4%, ಫ್ಯೂರಿ 30.6%, ಸಮ 17.0%. ಇನ್ನೂ ಹೆಚ್ಚೇ. ಕೊನೆಗೆ ಡ್ರಾವನ್ನು 5%ಕ್ಕೆ ಕಟ್ಟಿಹಾಕಿ ಉಳಿದದ್ದನ್ನು ಇಬ್ಬರಿಗೂ ಅವರವರ ಪ್ರಮಾಣದಲ್ಲೇ ಹಂಚಿದೆವು: 60, 35, 5. ಆ 5 ಕೈಯಿಂದ ಹಾಕಿದ ಅಂಕಿ, ಹಾಳೆಯಲ್ಲಿ ಅದಕ್ಕೆ ಹಳದಿ ಬಣ್ಣ ಬಳಿದಿದೆ.

ಡಿಸೆಂಬರ್ 8

ಪಂದ್ಯ ಮಧ್ಯದಲ್ಲೇ ಮುಗಿಯುವ ಸಾಧ್ಯತೆ 25%: ಉಸಿಕ್‌ಗೆ 13, ಫ್ಯೂರಿಗೆ 12. ಇದೂ ಹಳದಿ. ಉಳಿದ 75%ಕ್ಕೆ ಮೇಲಿನ ಹಂಚಿಕೆ ಗುಣಿಸಿ ಕೂಡಿದರೆ ಉಸಿಕ್ 58, ಫ್ಯೂರಿ 38, ಡ್ರಾ 4.

ಬೆಟ್ಟಿಂಗ್ ದರದ ಜೊತೆ ಹೋಲಿಸುವವರು ಮೊದಲು ಅದರಲ್ಲಿನ ಕಮಿಷನ್ ಕಳೆಯಬೇಕು. ಉದಾಹರಣೆಗೆ ಉಸಿಕ್, ಫ್ಯೂರಿ, ಡ್ರಾಕ್ಕೆ ದರಗಳು 1.70, 2.20, 15 ಇದ್ದರೆ, 100ನ್ನು ದರದಿಂದ ಭಾಗಿಸಿ ಸಿಗುವ ಸಾಧ್ಯತೆ 58.8, 45.5, 6.7, ಮೊತ್ತ 111. ಪ್ರತಿಯೊಂದನ್ನೂ 1.11ರಿಂದ ಭಾಗಿಸಿದರೆ 53, 41, 6. ಭಾಗಿಸದೆ 58.8ನ್ನೇ ಹೋಲಿಕೆಗೆ ತೆಗೆದುಕೊಂಡರೆ ಮಾರುಕಟ್ಟೆಗೂ ಹಾಳೆಗೂ ಇಲ್ಲದ ಒಮ್ಮತ ಕಾಣುತ್ತದೆ.

ಡಿಸೆಂಬರ್ 20

ತೂಕ ಬಂತು: ಫ್ಯೂರಿ ಬಟ್ಟೆ ಸಮೇತ 281 ಪೌಂಡ್, ಉಸಿಕ್ 226. ಫ್ಯೂರಿ ಭಾರವಾಗಿದ್ದಾರೆ, ಕೊನೆಯ ಸುತ್ತುಗಳಲ್ಲಿ ಸುಸ್ತಾಗುತ್ತಾರೆ ಎಂದು ಅಂಕಿ ತಿದ್ದಲು ಕೈ ತುರಿಸುತ್ತದೆ. ತಿದ್ದಲಿಲ್ಲ. ಬಟ್ಟೆ ಎಷ್ಟು ತೂಗಿತೋ ಗೊತ್ತಿಲ್ಲ. ಹೆಚ್ಚಿದ ತೂಕ ಸುತ್ತಿಗೆ ಎಷ್ಟು ಕಳೆಯುತ್ತದೆ ಎಂದು ಅಳೆಯುವ ಕೋಲು ಹಾಳೆಯಲ್ಲಿಲ್ಲ. ಅದೇ ತೂಕ ಹಗ್ಗದ ಹತ್ತಿರ ಉಸಿಕ್ ಮೇಲೆ ಒರಗಿ ದಣಿಸಲೂ ಒದಗಬಹುದು. 58-38-4ಕ್ಕೆ ಬೀಗ ಹಾಕಿದ್ದಾಯಿತು.

ಡಿಸೆಂಬರ್ 22

ನಮ್ಮಲ್ಲಿ ಭಾನುವಾರ ಬೆಳಗಿನ ಜಾವ ಫಲಿತಾಂಶ ಬಂತು. ಮೂರೂ ಕಾರ್ಡ್ 116-112, ಉಸಿಕ್. ಮೊತ್ತ 228, ಎಣಿಕೆಯೂ ಇಲ್ಲ, ಸಮ ಸುತ್ತೂ ಇಲ್ಲ. ಮೂವರೂ 8-4 ಕೊಟ್ಟರು, 36ರಲ್ಲಿ 24.

ಬ್ರಯರ್ ಅಂಕ ಅಂದಾಜು ಫಲಿತಾಂಶದಿಂದ ಎಷ್ಟು ದೂರ ಎಂದು ಅಳೆಯುತ್ತದೆ, ಕಡಿಮೆ ಇದ್ದಷ್ಟೂ ಒಳ್ಳೆಯದು: 0.42, 0.38, 0.04ರ ವರ್ಗ ಕೂಡಿದರೆ 0.32. ಏನೂ ಗೊತ್ತಿಲ್ಲದೆ ಮೂರಕ್ಕೂ ಸಮ ಪಾಲು ಕೊಟ್ಟಿದ್ದರೆ 0.67. ಒಂದೇ ಪಂದ್ಯದಿಂದ ಹಾಳೆ ಸರಿ ಅನ್ನಲಾಗದು, ಇಂಥ ಇಪ್ಪತ್ತು ಮೂವತ್ತಾದರೂ ಬೇಕು. ಆದರೆ 0.55ಕ್ಕೆ ಎಂಟು ಅಥವಾ ಹೆಚ್ಚು ಸುತ್ತು ಬರುವ ಸಾಧ್ಯತೆ 30%, 0.70ಕ್ಕೆ 72%. ನಡೆದ ಪಂದ್ಯ 0.70ರ ಕಡೆಯದೇ ಎಂಬ ಅನುಮಾನಕ್ಕೆ ಜಾಗವಿದೆ. ಏಟಿನ ಎಣಿಕೆಯೂ ಆ ಕಡೆಗೇ ವಾಲುತ್ತದೆ: ಉಸಿಕ್ 179, ಫ್ಯೂರಿ 144.

ಮುಂದಿನ ಕೆಲಸ ಹಳದಿ ಬಣ್ಣದ ಎರಡು ಸೆಲ್‌ಗಳು. ನಾಕೌಟ್ 25%ಕ್ಕೆ ಬದಲಾಗಿ ಪ್ರತಿ ಸುತ್ತಿಗೂ ಬೇರೆ ಸಾಧ್ಯತೆ ಇಟ್ಟು, ಎಣಿಕೆ ಬಿದ್ದ ಸುತ್ತಿನ ಮುಂದಿನದಕ್ಕೆ ಅದನ್ನು ಏರಿಸುವ ಸೂತ್ರ ಬರೆಯುತ್ತಿದ್ದೇವೆ.