ಸಣ್ಣಾಕಿಯ ಗುಡಿ

ನಮ್ಮ ಸಣ್ಣ ಮಗಳು ಏಳನೆಯ ತರಗತಿಯಲ್ಲಿದ್ದಾಗ ಶಾಲೆಯವರು ಮಕ್ಕಳನ್ನು ಒಂದು ದಿನದ ಮಟ್ಟಿಗೆ ಲಕ್ಕುಂಡಿಗೆ ಕರೆದುಕೊಂಡು ಹೋಗಿದ್ದರು. ರಾತ್ರಿ ಮನೆಗೆ ಬಂದವಳು ಕಾಲು ತೊಳೆಯುವುದಕ್ಕೂ ಮೊದಲೇ ನನ್ನ ಮುಂದೆ ನಿಂತು, ಗುಡಿ ಕಟ್ಟಿಸಿದ ಅತ್ತಿಮಬ್ಬೆಗೆ ಒಬ್ಬಳು ತಂಗಿಯೂ ಇದ್ದಳಂತೆ, ಅವಳ ಹೆಸರು ಗುಂಡಮಬ್ಬೆಯಂತೆ ಎಂದು ಹೇಳಿ, ಆ ಹೆಸರಿಗೆ ತಾನೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ, "ಅಪ್ಪಾ, ದೊಡ್ಡಾಕಿ ಹೆಸರಿಲೆ ಅಷ್ಟು ದೊಡ್ಡ ಗುಡಿ ಐತಿ. ಸಣ್ಣಾಕಿದು ಎಲ್ಲೈತಿ?" ಎಂದು ಕೇಳಿದಳು. ಅಕ್ಕನ ಹಳೆಯ ಫ್ರಾಕು, ಅಕ್ಕನ ಹಳೆಯ ಪುಸ್ತಕ, ಅಕ್ಕ ತುಳಿದು ಬಿಟ್ಟ ಸೈಕಲ್ಲು ಇವುಗಳಲ್ಲಿಯೇ ಬೆಳೆದವಳ ಆ ಪ್ರಶ್ನೆಯಲ್ಲಿ ಇತಿಹಾಸಕ್ಕಿಂತ ಮನೆಯ ತಕರಾರೇ ಹೆಚ್ಚಾಗಿತ್ತು. ನಾನು ಪೇಪರಿನಿಂದ ತಲೆ ಎತ್ತದೆ, "ನಾಳೆ ನಿಮ್ಮ ಟೀಚರನ್ನ ಕೇಳು" ಎಂದೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಪದವಿಯ ಎರಡನೆಯ ವರ್ಷದಲ್ಲಿದ್ದಾಗ, ಹನ್ನೊಂದು ದಿನಗಳ ಜ್ವರದಲ್ಲಿ ಅವಳು ತೀರಿಕೊಂಡಳು. ಆ ಹನ್ನೊಂದು ದಿನಗಳನ್ನು ಬರೆಯಲಾರೆ. ಅವಳು ಹೋಗಿ ಆರು ವರ್ಷಗಳಾದ ಮೇಲೆ, ಎಳ್ಳ ಅಮಾವಾಸ್ಯೆ ಕಳೆದ ಮರುವಾರ, ನಾನೂ ನನ್ನ ಹೆಂಡತಿಯೂ ಲಕ್ಕುಂಡಿಗೆ ಹೋಗಿ ಬಂದ ಒಂದು ದಿನದ ಪ್ರಯಾಣವನ್ನಷ್ಟೇ ಬರೆಯುತ್ತೇನೆ.

ಧಾರವಾಡದಿಂದ ನಸುಕಿನ ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿಗೆ ಬಂದೆವು. ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮು 1,507 ಮೀಟರ್ ಉದ್ದವಿದ್ದು ಜಗತ್ತಿನಲ್ಲಿಯೇ ಉದ್ದನೆಯದೆಂಬ ಹೆಮ್ಮೆ ನಮ್ಮ ಊರಿನವರಿಗೆಲ್ಲ ಇದೆ. ಮೊಣಕಾಲು ನೋಯುವವರಿಗೆ ಆ ಹೆಮ್ಮೆ ಅಷ್ಟಾಗಿ ಹಿಡಿಸುವುದಿಲ್ಲ. ಗದಗಿನ ಕಡೆಯ ರೈಲು ಊರು ದಾಟುತ್ತಲೇ ಎರಡೂ ಬದಿಗೆ ಎರೆಹೊಲಗಳು ಬಿಚ್ಚಿಕೊಂಡವು. ಬಿಳಿಜೋಳ ತೆನೆ ಹಿರಿದಿತ್ತು, ಕಡಲೆ ಗಿಡ ಕಾಯಿ ಕಟ್ಟಿತ್ತು, ನಡುನಡುವೆ ಕುಸುಬೆಯ ಸಾಲುಗಳಿದ್ದವು. ಅಣ್ಣಿಗೇರಿಯಲ್ಲಿ ಹತ್ತಿದ ಹೆಣ್ಣುಮಗಳೊಬ್ಬಳು ಕಂಕುಳಲ್ಲಿದ್ದ ಸುಲಗಾಯಿಯ ಕಟ್ಟಿನಿಂದ ಒಂದು ಹಿಡಿ ಕಿತ್ತು ನಮ್ಮ ಕೈಗೆ ಕೊಟ್ಟು, ನನ್ನ ಹೆಂಡತಿಯ ಪಕ್ಕದಲ್ಲಿ ಕುಳಿತಳು. ನಮ್ಮ ಕಡೆಯ ರೈಲಿನಲ್ಲಿ ಮಾತಿನ ಮೊದಲು ಯಾವ ಊರೆಂದಾದರೆ, ಎರಡನೆಯದು ಮಕ್ಕಳೆಷ್ಟು ಎಂಬುದೇ.

"ಇಬ್ರು ಹೆಣ್ಣುಮಕ್ಕಳ್ರಿ. ದೊಡ್ಡಾಕಿನ್ನ ಬೆಳಗಾವಿಗೆ ಕೊಟ್ಟೇವಿ" ಎಂದಳು ನನ್ನ ಹೆಂಡತಿ.

"ಸಣ್ಣಾಕಿ?"

"ಕಲಿಯಾಕತ್ತಾಳ್ರಿ."

ನಾನು ಕಿಟಕಿಯ ಕಡೆಗೆ ತಿರುಗಿದೆ. ಇದೇ ಪ್ರಶ್ನೆಯನ್ನು ನನಗೆ ಕೇಳಿದವರಿಗೆಲ್ಲ ಆರು ವರ್ಷಗಳಿಂದ ನಾನು "ಒಬ್ಬಾಕಿ ಮಗಳು" ಎಂದು ಹೇಳಿ ಮಾತು ಮುಗಿಸುತ್ತ ಬಂದಿದ್ದೇನೆ. ನಮ್ಮಿಬ್ಬರಲ್ಲಿ ದೊಡ್ಡ ಸುಳ್ಳು ಹೇಳುವವರು ಯಾರೆಂದು ಹುಲಕೋಟಿ ಬರುವವರೆಗೂ ಯೋಚಿಸುತ್ತಿದ್ದೆ.

ಗದಗಿನಲ್ಲಿ ವೀರನಾರಾಯಣನಿಗೂ ತ್ರಿಕೂಟೇಶ್ವರನಿಗೂ ಮನಸ್ಸಿನಲ್ಲಿಯೇ ಕೈಮುಗಿದು, ಚಹಾ ಕುಡಿದು, ಕೊಪ್ಪಳದ ರಸ್ತೆಯಲ್ಲಿ ಹನ್ನೆರಡು ಕಿಲೋಮೀಟರನ್ನು ಟಂಟಂನಲ್ಲಿ ಕ್ರಮಿಸಿ ಲಕ್ಕುಂಡಿಯಲ್ಲಿ ಇಳಿದೆವು. ನೂರೊಂದು ಗುಡಿ, ನೂರೊಂದು ಬಾವಿ ಇದ್ದ ಊರೆಂದು ಜನರು ಹೇಳುತ್ತಾರೆ. ಈಗಲೂ ಮನೆಗಳ ಗೋಡೆಗೆ ತಾಗಿ, ದನ ಕಟ್ಟುವ ಜಾಗದ ಪಕ್ಕದಲ್ಲಿ, ಓಣಿಯ ತಿರುವಿನಲ್ಲಿ ಕಲ್ಲಿನ ಗುಡಿಗಳು ಓಣಿಯವರಂತೆಯೇ ಇವೆ. ಕಾಶಿವಿಶ್ವೇಶ್ವರದ ಬಾಗಿಲವಾಡದ ಕುಸುರಿಯನ್ನು ನೋಡಲು ದೂರದವರು ಬರುತ್ತಾರೆ. ನಾವು ಅಲ್ಲಿ ಬಹಳ ಹೊತ್ತು ನಿಲ್ಲಲಿಲ್ಲ.

ಮಣಿಕೇಶ್ವರ ಗುಡಿಗೆ ಹೊಂದಿಕೊಂಡಿರುವ ಮುಸುಕಿನ ಬಾವಿಯಲ್ಲಿ ಮೂರು ದಿಕ್ಕಿನಿಂದ ಮೆಟ್ಟಿಲುಗಳು ಇಳಿಯುತ್ತವೆ. ಮೆಟ್ಟಿಲ ಬದಿಯ ಗೋಡೆಗಳಲ್ಲಿ ಪುಟ್ಟ ಪುಟ್ಟ ಗುಡಿಗಳಂತೆಯೇ ಕಡೆದ ಗೂಡುಗಳಿವೆ. ಖಾಲಿಯಿದ್ದ ಗೂಡೊಂದರಲ್ಲಿ ಅಂಗೈ ಇಟ್ಟು ನೋಡಿದ ನನ್ನ ಹೆಂಡತಿ, "ಆಕಿ ಕೇಳಿದ್ದಳಲ್ಲ, ಸಣ್ಣಾಕಿಗೆ ಇಷ್ಟರಾಗ ಒಂದು ಕೊಟ್ಟಿದ್ರೂ ಸಾಕಾಗ್ತಿತ್ತು" ಎಂದಳು. ಆ ಪ್ರಶ್ನೆ ಅವಳಿಗೂ ನೆನಪಿದೆಯೆಂದು ನನಗೆ ಗೊತ್ತಿರಲಿಲ್ಲ. ಅಂದು ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು, ಮಗಳು ಹೋದ ಮೇಲೆ ನಾನು ಹುಡುಕಿ ಓದಿದ್ದನ್ನು ಅವಳಿಗೆ ಹೇಳಿದೆ. ಅತ್ತಿಮಬ್ಬೆಯೂ ಗುಂಡಮಬ್ಬೆಯೂ ಮಲ್ಲಪಯ್ಯನ ಮಕ್ಕಳು. ಅಕ್ಕತಂಗಿಯರಿಬ್ಬರನ್ನೂ ಚಾಲುಕ್ಯರ ದಂಡನಾಯಕ ನಾಗದೇವನಿಗೆ ಕೊಟ್ಟಿದ್ದರು. ನಾಗದೇವ ಯುದ್ಧದಲ್ಲಿ ಮಡಿದಾಗ ಗುಂಡಮಬ್ಬೆ ಗಂಡನೊಂದಿಗೆ ಚಿತೆಯೇರಿದಳು. ಮಗ ಅಣ್ಣಿಗದೇವನಿಗಾಗಿ ಅತ್ತಿಮಬ್ಬೆ ಉಳಿದಳು. ಉಳಿದವಳು ಸಾವಿರದೈನೂರು ಜಿನಬಿಂಬಗಳನ್ನು ದಾನ ಮಾಡಿದಳು, ಪೊನ್ನನ 'ಶಾಂತಿಪುರಾಣ'ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು, ದಾನಚಿಂತಾಮಣಿ ಎನ್ನಿಸಿಕೊಂಡಳು. ಆ ಪುರಾಣವನ್ನು ಪೊನ್ನನಿಂದ ಬರೆಯಿಸಿದವರು ಅವಳ ತಂದೆ ಮಲ್ಲಪಯ್ಯ ಮತ್ತು ಅವನ ತಮ್ಮ ಪುನ್ನಮಯ್ಯ, ತೀರಿಹೋದ ಗುರು ಜಿನಚಂದ್ರನ ನೆನಪಿಗಾಗಿ. ಹೋದವರಿಗಾಗಿ ಗ್ರಂಥ ಬರೆಯಿಸುವ ರೂಢಿ ಆ ಮನೆಯಲ್ಲಿತ್ತು. ಗುಂಡಮಬ್ಬೆಗೆ ಗುಡಿಯಿಲ್ಲ, ಅತ್ತಿಮಬ್ಬೆಯ ಆಶ್ರಯದಲ್ಲಿ ರನ್ನ 993ರಲ್ಲಿ ಮುಗಿಸಿದ 'ಅಜಿತಪುರಾಣ'ದಲ್ಲಿ ಅವಳ ಹೆಸರೂ ಅವಳ ಸಾವೂ ಇವೆ. ನಾವು ಇವತ್ತು ಅವಳನ್ನು ಬಲ್ಲೆವಾದರೆ ಅಕ್ಕ ಸಾಕಿದ ಆ ಕಾವ್ಯದಿಂದ.

ಸಹಗಮನವನ್ನು ಹೊಗಳುವ ಮಾತುಗಳನ್ನು ಓದುವಾಗ ನನಗೆ ಮೊದಲಿನಿಂದಲೂ ಮುಜುಗರವಾಗುತ್ತಿತ್ತು, ಈಗ ಸಿಟ್ಟು ಬರುತ್ತದೆ. ಏನೆಂದು ಕರೆದರೂ, ಯಾರದೋ ಮಗಳು ಬೆಂಕಿಯಲ್ಲಿ ಸತ್ತಳು ಎನ್ನುವುದಷ್ಟೇ ನನಗೆ ಅದರಲ್ಲಿ ಕಾಣುತ್ತದೆ.

"ಇದನ್ನ ಆಕಿಗೆ ಅವತ್ತ ಹೇಳಬೇಕಿತ್ತು ನೀವು" ಎಂದಳು.

"ಅವತ್ತ ನನಗ ಗೊತ್ತಿರಲಿಲ್ಲ."

"ಹುಡುಕಿದ್ರ ಅವತ್ತೂ ಸಿಗ್ತಿತ್ತು."

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯಕ್ಕೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. 1007ರ ಶಾಸನ ಹೇಳುವ ಗುಡಿಯಿದು. ಬಾದಾಮಿ, ಪಟ್ಟದಕಲ್ಲುಗಳ ಕೆಂಪು ಮರಳುಗಲ್ಲಿನ ಬದಲು ಇಲ್ಲಿ ನಯವಾದ ಬಳಪದ ಕಲ್ಲನ್ನು ಬಳಸಿದ್ದಾರೆ. ಒಳಗೆ ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಚತುರ್ಮುಖ ಬ್ರಹ್ಮನೂ ಪದ್ಮಾವತಿಯೂ ಕಾಣಿಸಿದರು. ತಿಕ್ಕಿದ ಹಿತ್ತಾಳೆಯಂತೆ ನುಣುಪಾದ ಕಂಬಕ್ಕೆ ಒರಗಿ ನಿಂತು, ಹನ್ನೆರಡು ವರ್ಷದ ಒಬ್ಬ ಹುಡುಗಿ ಇದೇ ಕಂಬವನ್ನು ಮುಟ್ಟಿರಬಹುದಲ್ಲ ಎಂದುಕೊಂಡೆ; ಎಲ್ಲ ಮಕ್ಕಳೂ ಮುಟ್ಟುತ್ತಾರೆ.

ಹೊರಗೆ ಶಾಲೆಯೊಂದರ ಮಕ್ಕಳು ಸಾಲಾಗಿ ಬಂದು ಅಂಗಳದಲ್ಲಿ ಕುಳಿತರು. ಅವರ ಮಾಸ್ತರರು ಒಳ್ಳೆಯ ಕಂಠದಲ್ಲಿ ಅತ್ತಿಮಬ್ಬೆಯ ದಾನಗಳನ್ನೆಲ್ಲ ಹೇಳಿದರು, ಇಸವಿಗಳನ್ನು ಬರೆಯಿಸಿದರು, ತಂಗಿಯ ಮಾತೆತ್ತದೆ ಮುಗಿಸಿ ನೀರು ಕುಡಿಯಲು ಹೋದರು. ನಾನು ಕೊನೆಯ ಸಾಲಿನಲ್ಲಿ, ಅಕ್ಕನದೋ ಎನ್ನುವಷ್ಟು ದೊಡ್ಡ ಸ್ವೆಟರು ತೊಟ್ಟು ಕುಳಿತಿದ್ದ ಹುಡುಗಿಯ ಬಳಿಗೆ ಬಾಗಿ, "ಆಕಿಗೆ ಒಬ್ಬಾಕಿ ತಂಗಿ ಇದ್ದಳು ನೋಡವ್ವಾ, ಗುಂಡಮಬ್ಬೆ ಅಂತ" ಎಂದೆ.

"ಗುಂಡಮಬ್ಬೆ?" ಎಂದವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಪಕ್ಕದವಳ ಕಿವಿಯಲ್ಲಿ ಹೇಳಿದಳು, ಅವಳೂ ನಕ್ಕು ಮುಂದಿನವಳಿಗೆ ಹೇಳಿದಳು. ಹೀಗೆ ಆ ಹೆಸರು ಪಿಸುಮಾತಿನಲ್ಲಿ, ಕಿಸಕ್ಕೆಂಬ ನಗುವಿನಲ್ಲಿ, ಒಂದೊಂದೇ ಸಾಲು ದಾಟಿ ಮುಂದಕ್ಕೆ ಹೋಗುತ್ತಿರುವುದನ್ನು ನೋಡುತ್ತ, ನಾವು ಬೇವಿನ ನೆರಳಿಗೆ ಸರಿದು ಬುತ್ತಿ ಬಿಚ್ಚಿದೆವು.